ಕೆಂಚ ಗುರ್ ಅನ್ನಲಿಲ್ಲ, ನನಗೆ ಕೇಳಿಸಿತು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಹೆಂಗಸಲ್ಲ. ನಮ್ಮ ಬೀದಿಯಲ್ಲಿ ಯಾರಾದರೂ "ಗೆಜ್ಜೆ ಸದ್ದು ಕೇಳ್ತು ಕಣಕ್ಕ, ಯಾರೋ ಹೆಸರಿಡಿದು ಕರೆದಂಗಾಯ್ತು" ಎಂದರೆ, "ಹೋಗಿ ಕಿವಿ ತೊಳ್ಕೋ" ಎಂದು ಬಾಯಿ ಮುಚ್ಚಿಸುತ್ತಿದ್ದವಳು. ನನ್ನ ಕೆಲಸವೂ ಅಂಥದ್ದೇ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಹಳ ವರ್ಷದಿಂದ ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತೇನೆ. ಪ್ರೆಸ್ ಮೆಷಿನ್ನಿನಿಂದ ಬಂದ ತುಣುಕನ್ನು ಅಳೆಯಬೇಕು. ಅಳತೆ ಸರಿಯಿದ್ದರೆ ಪಾಸು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಆಚೆಗೆ. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎಂದು ತಿಳಿದುಕೊಂಡಿದ್ದೆ. ಆರು ವರ್ಷದ ಹಿಂದೆ ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಆದದ್ದನ್ನು ಮಾತ್ರ ಇವತ್ತಿಗೂ ಪಾಸು ಮಾಡಲಾಗಿಲ್ಲ, ಕೆಂಪು ಬಳಿಯಲೂ ಆಗಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಮ್ಮದು ಚಿಕ್ಕಬಾಣಾವರದಲ್ಲೇ ಹುಟ್ಟಿ ಬೆಳೆದ ಮನೆತನ. ನಮ್ಮೆಜಮಾನರು ಟೆಂಪೋ ಓಡಿಸುತ್ತಾರೆ. ಮಾದನಾಯಕನಹಳ್ಳಿಯ ಗೋಡೌನುಗಳಿಂದ ಪೀಣ್ಯಕ್ಕೆ ಸರಕು ಹೊಡೆಯುವುದು ಅವರ ಕೆಲಸ. ಮನೆ ಮುಂದೆ ಟೆಂಪೋ ನಿಲ್ಲುವಷ್ಟು ಅಂಗಳ, ಗೇಟು, ಗೇಟಿನ ಕಂಬಕ್ಕೆ ಒಂದು ಕ್ಯಾಮೆರಾ. ಡೀಸೆಲ್ ಕದಿಯುತ್ತಾರೆಂದು ಹಾಕಿಸಿದ್ದು ಅದು. ಚಿತ್ರದ ಜೊತೆ ಸದ್ದೂ ದಾಖಲಾಗುತ್ತದೆ.

ನಮಗೆ ಮಕ್ಕಳಿಲ್ಲ. ಇದ್ದದ್ದು ಕೆಂಚ. ಮಳೆಯಲ್ಲಿ ಟೆಂಪೋ ಅಡಿಯಲ್ಲಿ ಕುಂಯ್‌ಗುಡುತ್ತಿದ್ದ ಬೀದಿನಾಯಿಯ ಮರಿ. ನಾನೇ ಸೆರಗಿನಲ್ಲಿ ಸುತ್ತಿ ಒಳಗೆ ತಂದದ್ದು. ಇನ್ನೊಂದು ಜೀವ ಅಂದರೆ ಬೇಗೂರಿನಲ್ಲಿರುವ ನನ್ನ ತಮ್ಮ ನಾಗನ ಮಗಳು ಗಾನವಿ. ಆಗ ಅವಳಿಗೆ ನಾಲ್ಕು ವರ್ಷ. ತಮ್ಮ, ಅವನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ರಜೆ ಬಂತೆಂದರೆ ಮಗು ನಮ್ಮ ಮನೆಯಲ್ಲೇ. "ಅತ್ತೇ" ಎಂದು ಅವಳು ಗೇಟಿನಿಂದಲೇ ಕೂಗಿಕೊಂಡು ಬಂದರೆ ನನ್ನ ಅರ್ಧ ಆಯಾಸ ಹೋಗುತ್ತಿತ್ತು.

ತಪ್ಪು ಶುರುವಾದದ್ದು ಆ ವರ್ಷದ ಬೇಸಿಗೆ ರಜೆಯಲ್ಲಿ. ಕೆಂಚ ಅನ್ನ ತಿನ್ನುವಾಗ ಗಾನವಿ ಹೋಗಿ ಅವನ ಕಿವಿ ಹಿಡಿದಳು. ಅವನು ತಟ್ಟೆಯಿಂದ ತಲೆ ಎತ್ತದೆ ಗುರ್ ಎಂದ. ಕೆಂಚನ ಗುರ್‌ಗೆ ಒಂದು ಗುರುತಿತ್ತು. ನಡುವೆ ಒಂದು ಸಲ ಕಟ್ಟಿಕೊಂಡು, ಗಕ್ಕೆಂದು ನಿಂತು, ಮತ್ತೆ ಮುಂದುವರಿಯುತ್ತಿತ್ತು. ರುಬ್ಬುವ ಗ್ರೈಂಡರ್‌ಗೆ ಕಾಳು ಸಿಕ್ಕಿಕೊಂಡು ಮತ್ತೆ ತಿರುಗಿದ ಹಾಗೆ. ನೂರು ನಾಯಿ ಗುರುಗುಟ್ಟಿದರೂ ಇದು ನಮ್ಮ ಕೆಂಚ ಎಂದು ಹೇಳಬಲ್ಲೆ. ಮಗು ಹೆದರಿ ಅತ್ತಿತು. ನನಗೆ ರೋಷ ಬಂತು. ಚಪ್ಪಲಿ ತೆಗೆದುಕೊಂಡು ಕೆಂಚನ ಮೂತಿಗೆ ಬಾರಿಸಿದೆ. "ಮಗು ಮೇಲೆ ಗುರ್ ಅಂತೀಯಾ? ಅನ್ನು ಇನ್ನೊಂದ್ಸಲ!"

ಅವನು ಇನ್ನೊಂದು ಸಲ ಅಂದ. ನಾನು ಇನ್ನೊಂದು ಬಾರಿಸಿದೆ. ಆ ಬೇಸಿಗೆ ಪೂರ್ತಿ ಇದೇ ನಡೆಯಿತು. ಗುರ್ ಎಂದಾಗಲೆಲ್ಲ ಏಟು. ನಾನು ಹಿಡಿದ ಕೆಲಸ ಅರ್ಧಕ್ಕೆ ಬಿಡುವವಳಲ್ಲ ನೋಡಿ. ಶಾಲೆ ಶುರುವಾಗುವ ಹೊತ್ತಿಗೆ ಕೆಂಚನ ಗುರ್ ನಿಂತೇ ಹೋಯಿತು. ಅವನ ಬೆನ್ನ ಮೇಲೆ ಮಗು ಕೂತರೂ ಸುಮ್ಮನೆ ಬಿಗಿಯಾಗಿ ನಿಂತಿರುತ್ತಿದ್ದ. ನಾಯಿ ಬಾಲ ಡೊಂಕು ಅನ್ನುತ್ತಾರೆ, ನಾನು ನೆಟ್ಟಗೆ ಮಾಡಿ ತೋರಿಸಿದೆ ಎಂದು ಬೀದಿಯಲ್ಲೆಲ್ಲ ಬೀಗಿದ್ದೇ ಬೀಗಿದ್ದು. ಪಕ್ಕದ ಮನೆಯವರೂ ಹೊಗಳಿದರು. ಬಿಗಿಯಾಗಿ ನಿಲ್ಲುವುದಕ್ಕೂ ಪಳಗುವುದಕ್ಕೂ ವ್ಯತ್ಯಾಸವಿದೆ ಎಂದು ಒಬ್ಬರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ನಮ್ಮ ಕಡೆ ಆಯುಧಪೂಜೆ ಅಂದರೆ ಮನೆಯಲ್ಲಿ ಕುಂಕುಮ ಬೀಳದ ವಸ್ತು ಇರುವುದಿಲ್ಲ. ಟೆಂಪೋಗೆ ಬಾಳೆಕಂಬ, ಚೆಂಡುಹೂವಿನ ಹಾರ. ಮಿಕ್ಸಿಗೆ, ಗ್ರೈಂಡರ್‌ಗೆ, ಪೈಪ್ ಸ್ಪ್ಯಾನರ್‌ಗೆ, ಅಳತೆ ನೋಡಲು ನಾನು ಮನೆಗೆ ತಂದಿಟ್ಟುಕೊಂಡ ಹಳೇ ವರ್ನಿಯರ್‌ಗೂ ಬೊಟ್ಟು. ಹಿಂದಿನ ವರ್ಷ ನಾನು ತಮಾಷೆಗೆ, ಮನೆ ಕಾಯುವವನು ಇವನೂ ಒಂದು ಆಯುಧವೇ ಅಲ್ಲವಾ ಎಂದು ಕೆಂಚನ ಹಣೆಗೂ ಕುಂಕುಮವಿಟ್ಟು, ಕೊರಳಿಗೆ ಹಾರ ಹಾಕಿ ಫೋಟೋ ತೆಗೆದಿದ್ದೆ. ಆ ಫೋಟೋ ಗಾನವಿಗೆ ಎಷ್ಟು ಇಷ್ಟವಾಗಿತ್ತು ಎಂದರೆ, ಈ ಸಲ ಬಂದವಳು ಬೆಳಿಗ್ಗೆಯಿಂದಲೂ "ಕೆಂಚಂಗೆ ನಾನೇ ಪೂಜೆ ಮಾಡ್ತೀನಿ" ಎಂದು ನನ್ನ ಹಿಂದೆ ಮುಂದೆ ಸುತ್ತುತ್ತಿದ್ದಳು. ಆಮೇಲೆ ಮಾಡುವಿಯಂತೆ ಎಂದು ತಳ್ಳುತ್ತಾ ಬಂದೆ. ಕೆಂಚ ಎರಡು ವಾರದಿಂದ ತಲೆ ಕೊಡವುತ್ತಿದ್ದ, ಎಡಗಿವಿಯನ್ನು ಗೋಡೆಗೆ ಉಜ್ಜುತ್ತಿದ್ದ. ಅದನ್ನೂ ಹಬ್ಬ ಮುಗಿಯಲಿ ನೋಡೋಣ ಎಂದು ತಳ್ಳಿದ್ದೆ.

ಮಧ್ಯಾಹ್ನ ಊಟ ಮುಗಿದು, ಸುಮಾರು ನಾಲ್ಕು ಗಂಟೆ. ನಮ್ಮೆಜಮಾನರು ಮಲಗಿದ್ದರು. ಗಾನವಿ ಟಿವಿ ಮುಂದೆ ಇದ್ದಳು, ಇದ್ದಾಳೆಂದು ನಾನು ತಿಳಿದಿದ್ದೆ. ಅಡುಗೆಮನೆ ಹಿಂದಿನ ಮೂಲೆಯಲ್ಲಿದೆ, ಅಲ್ಲಿಂದ ಅಂಗಳ ಕಾಣುವುದಿಲ್ಲ. ಒಲೆ ಮೇಲೆ ಕುಕ್ಕರ್, ನಾನು ಸಂಜೆಗೆಂದು ಉದ್ದಿನವಡೆ ತಟ್ಟುತ್ತಿದ್ದೆ.

ಗುರ್ ಎಂದಿತು.

ಹಿಂದೆ, ನನ್ನ ಹಿಮ್ಮಡಿಯ ಹತ್ತಿರ. ಎಷ್ಟು ಹತ್ತಿರ ಎಂದರೆ, ಎಲ್ಲಿ ಬಾಲ ತುಳಿದೆನೋ ಎಂದು ಕಾಲು ಎತ್ತಿದೆ. ನಡುವೆ ಕಟ್ಟಿಕೊಂಡಿತು, ಗಕ್ಕೆಂದು ನಿಂತಿತು, ಮತ್ತೆ ಮುಂದುವರಿಯಿತು. ತಿರುಗಿ ನೋಡಿದರೆ ಬರೀ ನೆಲ. ಕೆಂಚ ಇರಲಿಲ್ಲ. ಬೇಸಿಗೆಯಿಂದ ನಾನು ಕೇಳಿಯೇ ಇರದ ಸದ್ದು ಅದು, ಚಪ್ಪಲಿಯಲ್ಲಿ ಹೊಡೆದು ಹೊಡೆದು ನಾನೇ ಸಾಯಿಸಿದ್ದ ಸದ್ದು. ಯೋಚನೆ ಮಾಡಿ ಓಡಿದೆ ಎಂದರೆ ಸುಳ್ಳಾಗುತ್ತದೆ. ಕೈಯಲ್ಲಿದ್ದ ಹಿಟ್ಟಿನ ಬಟ್ಟಲು ಬಿತ್ತು, ಕಾಲು ತಾನೇ ಓಡಿತು.

ಅಂಗಳದಲ್ಲಿ ಟೆಂಪೋ ಪಕ್ಕದಲ್ಲಿ ಗಾನವಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕುಂಕುಮದ ತಟ್ಟೆ ನೆಲದ ಮೇಲೆ. ಒಂದು ಕೈಯಲ್ಲಿ ಟೆಂಪೋದಿಂದ ಕಿತ್ತ ಹಾರ, ಇನ್ನೊಂದು ಕೈಯಲ್ಲಿ ಕೆಂಚನ ಎಡಗಿವಿ. ಅವನು ಮರಗಟ್ಟಿದ ಹಾಗೆ ನಿಂತಿದ್ದ. ಬಾಯಿ ಮುಚ್ಚಿತ್ತು. ಕಣ್ಣಿನ ಬಿಳಿ ಮಾತ್ರ ಕಾಣುತ್ತಿತ್ತು. ಒಂದು ಚೂರು ಸದ್ದಿಲ್ಲ. ನಾನು ಮಗುವನ್ನು ಹಿಂದಿನಿಂದ ಬಾಚಿ ಎಳೆದುಕೊಂಡೆ, ಅದೇ ಕ್ಷಣಕ್ಕೆ ಅವನು ಹಾರಿದ. ಅವಳ ಮುಖ ಎಲ್ಲಿತ್ತೋ ಅಲ್ಲಿ ನನ್ನ ಮುಂಗೈ ಇತ್ತು. ಹಲ್ಲು ಅದಕ್ಕೆ ಇಳಿಯಿತು.

ಕಚ್ಚಿದವನು ತಕ್ಷಣ ಬಿಟ್ಟು, ಬಾಲ ಕಾಲ ಸಂದಿಗೆ ಸಿಕ್ಕಿಸಿಕೊಂಡು ಟೆಂಪೋ ಅಡಿ ಸೇರಿಬಿಟ್ಟ. ಮರಿಯಾಗಿದ್ದಾಗ ನಾನು ಎತ್ತಿಕೊಂಡ ಅದೇ ಜಾಗ. ಮಗುವಿನ ಮೈಮೇಲೆ ಒಂದು ಗೀರೂ ಇರಲಿಲ್ಲ. ಅಯ್ಯೋ ದೇವರೇ, ಆ ಪುಟ್ಟ ಕೆನ್ನೆಯನ್ನು ಎಷ್ಟು ಸಲ ಮುಟ್ಟಿ ಮುಟ್ಟಿ ನೋಡಿದೆನೋ. ನನ್ನ ರಕ್ತ ಅವಳ ಹಬ್ಬದ ಲಂಗಕ್ಕೆ ಹತ್ತಿದ್ದು ನೋಡಿ ಇನ್ನೊಮ್ಮೆ ಎದೆ ಒಡೆಯಿತು.

ನಲ್ಲಿಯ ಕೆಳಗೆ ಕೈ ಹಿಡಿದು ಸೋಪಿನಲ್ಲಿ ತೊಳೆದು ತೊಳೆದು ಆಸ್ಪತ್ರೆಗೆ ಹೋದೆವು. ನಾಯಿಗೆ ಚುಚ್ಚುಮದ್ದು ಹಾಕಿಸಿದ್ದೀರಾ ಎಂದು ಕೇಳಿದರು. ಮನೆಗೆ ಬಂದು ಕಾರ್ಡು ಹುಡುಕಿದರೆ ಎರಡು ವರ್ಷದಿಂದ ಖಾಲಿ. ಊರಿಗೆಲ್ಲ ಬುದ್ಧಿ ಹೇಳುವ ನಾನು ತಲೆ ತಗ್ಗಿಸಿದೆ.

ಸಂಜೆ ನಾಗ ಬಂದ. ಮಗಳನ್ನು ಎದೆಗೆ ಅವುಚಿಕೊಂಡು, "ಅಕ್ಕಾ, ಆ ನಾಯಿ ಹಿಂಗೇ ಇರೋದಾದ್ರೆ ನನ್ನ ಮಗು ಈ ಗೇಟ್ ದಾಟಲ್ಲ" ಎಂದ. ಅವನ ಮಾತಿನಲ್ಲಿ ತಪ್ಪೇನಿತ್ತು? ನಮ್ಮೆಜಮಾನರು, "ಬಿಡೋ, ಬೆಳಿಗ್ಗೆ ಟೆಂಪೋದಲ್ಲಿ ಹಾಕ್ಕೊಂಡ್ಹೋಗಿ ಗೋಡೌನ್ ಹತ್ರ ಬಿಟ್ಬಿಡ್ತೀನಿ. ಲಾರಿಯವ್ರು ಅನ್ನ ಹಾಕ್ತಾರೆ, ಬದುಕ್ಕೊಳ್ಳುತ್ತೆ" ಎಂದರು. ಅವರನ್ನೂ ಬೈಯಲಾರೆ. ನಮ್ಮ ಟೆಂಪೋ ಸ್ಟ್ಯಾಂಡಿನಲ್ಲಿ ಇದು ರೂಢಿ. ಯಾರ ಮನೆ ನಾಯಿ ಕಚ್ಚಿದರೂ ಸರಕಿನ ಜೊತೆ ಏರಿಸಿಕೊಂಡು ಹೋಗಿ ತುಮಕೂರು ರಸ್ತೆಯ ಗೋಡೌನುಗಳ ಹಿಂದೆ ಇಳಿಸಿ ಬರುತ್ತಾರೆ. ಬೇರೆಯವರ ನಾಯಿಗಳನ್ನು ಇವರೇ ಎಷ್ಟು ಸಾಗಿಸಿದ್ದರೋ.

"ಅಲ್ಲಿ ಮಕ್ಕಳಿಲ್ವಾ?" ಎಂದು ಕೇಳಿದೆ.

ಗೋಡೌನಿನ ಹಿಂದಿನ ಶೆಡ್‌ಗಳಲ್ಲಿ ಹಮಾಲಿಗಳ ಮಕ್ಕಳು ಬರಿಗಾಲಲ್ಲಿ ಆಡುವುದನ್ನು ನಾನೂ ನಮ್ಮೆಜಮಾನರೂ ನೋಡಿದ್ದೇವೆ. "ನನ್ನ ತಮ್ಮನ ಮಗಳು ಉಳ್ಕೊಂಡ್ಲು ಅಂತ ಇನ್ನೊಬ್ಬರ ಮಗು ಮುಖ ಕಚ್ಚಿಸ್ಕೊಳ್ಳೋದಾ? ಇವನು ಎಲ್ಲಿಗೂ ಹೋಗಲ್ಲ. ಕೆಡಿಸಿದ್ದು ನಾನು, ಕಾಯೋದೂ ನಾನೇ" ಎಂದುಬಿಟ್ಟೆ. ಮಾಡಿದ್ದುಣ್ಣೋ ಮಹರಾಯ, ಇನ್ನೇನು.

ಮಾರನೇ ದಿನ ಪಶುವೈದ್ಯರು ಕೆಂಚನ ಬಾಯಿ ಕಟ್ಟಿಸಿ ಕಿವಿ ನೋಡಿದರು. ಒಳಗೆಲ್ಲ ಕೀವು. ಗುರ್ ಅನ್ನುತ್ತಿರಲಿಲ್ಲವಾ ಎಂದು ಕೇಳಿದರು. ಬೇಸಿಗೆಯ ಕಥೆ ಹೇಳಿದೆ. ಅವರು ಬೈಯಲಿಲ್ಲ. "ಅದು ಅವನ ಮಾತಮ್ಮ. ಮಾತು ಕಿತ್ಕೊಂಡ್ರೆ ಉಳಿಯೋದು ಹಲ್ಲು ತಾನೆ?" ಎಂದರು ಅಷ್ಟೆ. ನನಗೆ ನಮ್ಮ ಕಾರ್ಖಾನೆಯ ಪ್ರೆಸ್ ನೆನಪಾಯಿತು. ಕೈ ಒಳಗೆ ಹೋದರೆ ಕೂಗಲೆಂದು ಅದಕ್ಕೊಂದು ಬಜರ್ ಇದೆ. ಕಿರಿಕಿರಿ ಎಂದು ಹುಡುಗರು ಅದಕ್ಕೆ ಹಳೇ ಬನಿಯನ್ ಬಟ್ಟೆ ತುರುಕುತ್ತಾರೆ, ನಾನು ಹೋಗಿ ಜನ್ಮ ಜಾಲಾಡುತ್ತೇನೆ, "ಬೆರಳು ಹೋದ್ಮೇಲೆ ಬಜರ್ ಹುಡುಕ್ತೀರೇನ್ರೋ?" ಎಂದು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮನೆಯಲ್ಲಿ ಬಟ್ಟೆ ತುರುಕಿದವಳು ನಾನೇ.

ಇನ್ನು ಆ ಸದ್ದಿನ ವಿಷಯ. ಅಂಗಳದಲ್ಲಿ ಕೆಂಚ ಗುರ್ ಅಂದದ್ದು ನನಗೆ ಹೇಗೋ ಕೇಳಿಸಿರಬೇಕು ಎಂದು ನಮ್ಮೆಜಮಾನರು ಹೇಳಿದರು. ಇರಬಹುದು ಎಂದು ಕ್ಯಾಮೆರಾದ ದಾಖಲೆ ತೆಗೆದು ನೋಡಿದೆವು. ದೂರದಲ್ಲಿ ರೈಲಿನ ಸದ್ದಿದೆ. ಒಳಗಿನಿಂದ ಬಟ್ಟಲು ಬಿದ್ದ ಠಣ್ ಇದೆ. ಗಾನವಿ "ಅಲ್ಲಾಡ್ಬೇಡ ಕಣೋ ಕೆಂಚಾ, ಜೋ ಜೋ" ಎನ್ನುವುದಿದೆ. ಒಳಗಿನಿಂದ ಬಟ್ಟಲು ಬಿದ್ದ ಠಣ್ ಇದೆ. ಗುರ್ ಇಲ್ಲ. ದನಿ ಪೂರ್ತಿ ಏರಿಸಿ, ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡು ಕೇಳಿದೆ. ಇಲ್ಲ.

ನನ್ನ ಬುದ್ಧಿ ಬಿಡುತ್ತದೆಯೇ? ಅಳೆದೆ. ಬಟ್ಟಲು ಬಿದ್ದ ಗಳಿಗೆಗೆ ನಿಲ್ಲಿಸಿ ನೋಡಿದರೆ, ಪರದೆಯ ಮೇಲೆ ಮಗು ಇನ್ನೂ ನಾಯಿಯ ಹತ್ತಿರವೇ ಹೋಗಿಲ್ಲ. ಟೆಂಪೋ ಮುಂದೆ ತುದಿಗಾಲಲ್ಲಿ ನಿಂತು ಹಾರ ಎಳೆಯುತ್ತಿದ್ದಾಳೆ. ಕೆಂಚ ಟೆಂಪೋದ ಆಚೆ ಪಕ್ಕದಲ್ಲಿ ಬಿಸಿಲಿಗೆ ಮಲಗಿದ್ದಾನೆ, ನಿದ್ದೆಯಲ್ಲಿ. ಅವಳು ಹಾರ ಹಿಡಿದು ಅವನ ಬಳಿ ಓಡಿದ್ದು, ಅವನು ಎದ್ದದ್ದು, ಅವಳು ಕಿವಿ ಹಿಡಿದದ್ದು ಎಲ್ಲ ಆದದ್ದು ನಾನು ನಡುಮನೆ ದಾಟಿ ಓಡಿ ಬರುತ್ತಿದ್ದಾಗ. ಅಂದರೆ ಗುರ್ ಅನ್ನುವುದಕ್ಕೆ ಕಾರಣವೇ ಇಲ್ಲದಾಗ ನನಗೆ ಗುರ್ ಕೇಳಿಸಿದೆ. ಯಾವ ಗೇಜ್ ಇಟ್ಟು ಇದನ್ನು ನೋಡಲಿ? ಮಗುವಿನ ಕಡೆ ನಿನ್ನ ಮನಸ್ಸು ಇತ್ತು, ಅದೇ ಕೂಗಿದೆ ಎಂದರು ಕೆಲವರು. ಮನಸ್ಸೇ ಆಗಲಿ, ಅದಕ್ಕೆ ಕೆಂಚನ ಗಂಟಲು ಎಲ್ಲಿಂದ ಬಂತು? ದೇವರು ಎಂದರು ಇನ್ನು ಕೆಲವರು. ನಾನು ಯಾವುದಕ್ಕೂ ಹೂಂ ಎಂದಿಲ್ಲ.

ಹೂಂ ಎಂದದ್ದು ಕೆಲಸಕ್ಕೆ. ಅಂಗಳದ ಮೂಲೆಗೆ ಜಾಲರಿ ಕಟ್ಟಿಸಿ ಕೆಂಚನಿಗೆ ಬೇರೆ ಜಾಗ ಮಾಡಿದೆ. ಹೊರಗೆ ಕರೆದೊಯ್ಯುವಾಗ ಎತ್ತಿಗೆ ಕಟ್ಟುವ ಬಾಯಿಕುಕ್ಕೆಯಂಥದ್ದನ್ನು ಹಾಕುತ್ತೇನೆ, ನೋಡಿದವರು ನಕ್ಕರೆ ನಗಲಿ. ಚುಚ್ಚುಮದ್ದು ಒಂದು ವರ್ಷವೂ ತಪ್ಪಿಲ್ಲ. ಮಕ್ಕಳು ಮನೆಯಲ್ಲಿದ್ದರೆ ಜಾಲರಿಯ ಬೀಗದ ಕೈ ನನ್ನ ಸೊಂಟದಲ್ಲಿ. ಟೆಂಪೋ ಸ್ಟ್ಯಾಂಡಿಗೂ ಹೋಗಿ, ಇನ್ನು ಮೇಲೆ ಯಾರಾದರೂ ನಾಯಿ ಸಾಗಿಸಿದರೆ ನಾನೇ ಅದನ್ನು ವಾಪಸ್ ತಂದು ಅವರ ಬಾಗಿಲಿಗೆ ಕಟ್ಟುತ್ತೇನೆ ಎಂದು ಹೇಳಿ ಬಂದೆ. ಎರಡು ಸಲ ಕಟ್ಟಿಯೂ ಇದ್ದೇನೆ. ನಾಗ ಒಂದು ವರ್ಷ ಮಗಳನ್ನು ಕಳಿಸಲಿಲ್ಲ. ಆಮೇಲೆ ಬಂದು, ಜಾಲರಿಯನ್ನು ಎರಡೂ ಕೈಯಲ್ಲಿ ಅಲ್ಲಾಡಿಸಿ ನೋಡಿ, ಮಗಳನ್ನು ಬಿಟ್ಟು ಹೋದ.

ಕಿವಿ ವಾಸಿಯಾದ ಮೇಲೂ ಕೆಂಚ ಬಹಳ ದಿನ ಮೂಕನಾಗಿಯೇ ಇದ್ದ. ಔಷಧಿ ಹಾಕಲು ಹೋದರೆ ಬಿಗಿಯಾಗುತ್ತಿದ್ದ, ನಾನು ಕೂಡಲೇ ಕೈ ಹಿಂದಕ್ಕೆ ತೆಗೆದುಕೊಂಡು ಕಾಯುತ್ತಿದ್ದೆ. ದಿನವೂ ಹಾಗೇ. ಯುಗಾದಿ ಕಳೆದು ಒಂದು ಬೆಳಿಗ್ಗೆ ಕಿವಿ ಒರೆಸಲು ಬಟ್ಟೆ ಹಿಡಿದು ಕೂತಾಗ, ಮೆಲ್ಲಗೆ, ಹೆದರಿ ಹೆದರಿ, ನನ್ನ ಚಪ್ಪಲಿಯ ಕಡೆ ಕಣ್ಣಿಟ್ಟುಕೊಂಡು, ಗುರ್ ಎಂದ. ನಡುವೆ ಕಟ್ಟಿಕೊಂಡಿತು, ಗಕ್ಕೆಂದು ನಿಂತಿತು, ಮತ್ತೆ ಮುಂದುವರಿಯಿತು. ನಾನು ಕೈ ತೆಗೆದೆ. ಚಪ್ಪಲಿಯನ್ನು ಎತ್ತಿ ಜಾಲರಿಯಾಚೆಗೆ ಎಸೆದೆ. ಅಲ್ಲೇ ಸಿಮೆಂಟಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ.

ಗಾನವಿಗೆ ಈಗ ಹತ್ತು ವರ್ಷ. ಜಾಲರಿಯಿಂದ ಒಂದು ಮಾರು ದೂರ ಕೂತು ಅವನ ಜೊತೆ ಮಾತಾಡುತ್ತಾಳೆ. ಅವನು ಗುರ್ ಎಂದರೆ, "ಸರಿ ಕಣೋ, ಹೋಗ್ತೀನಿ" ಎಂದು ಎದ್ದು ಬರುತ್ತಾಳೆ. ಅವಳ ಕೆನ್ನೆ ನೋಡಿದಾಗಲೆಲ್ಲ ನನ್ನ ಮುಂಗೈಯ ನಾಲ್ಕು ಕಲೆಗಳನ್ನು ಒಮ್ಮೆ ಸವರಿಕೊಳ್ಳುತ್ತೇನೆ. ಕೆಂಚನ ಗುರ್ ಈಗ ಕೆಂಚನ ಗಂಟಲಲ್ಲೇ ಇದೆ. ಆ ಆಯುಧಪೂಜೆಯ ಮಧ್ಯಾಹ್ನ, ಅವನು ಅಂಗಳದಲ್ಲಿ ನಿದ್ದೆ ಮಾಡುತ್ತಿದ್ದಾಗ, ಅದು ನನ್ನ ಅಡುಗೆಮನೆಯಲ್ಲಿ ಏನು ಮಾಡುತ್ತಿತ್ತು ಎಂದು ನನಗೆ ಗೊತ್ತಿಲ್ಲ.