ಹುಲಿಗೆಮ್ಮನ ಇಂಗ್ಲಿಷ್ ಶಬ್ದ

ಗೆಳೆಯರೇ, ಇವತ್ತು ಮಸ್ಕಿಯ ನನ್ನ ಟ್ಯೂಷನ್‌ನಲ್ಲಿ ಏಳನೇ ಕ್ಲಾಸಿನವರಿಗೆ 'ಅನ್‌ಬಿಲೀವಬಲ್' ಬಿಡಿಸಿ ಹೇಳುತ್ತಿದ್ದೆ. ಮುಂದೆ 'ಅನ್' ಸೇರಿದರೆ ಅರ್ಥ ಉಲ್ಟಾ ಆಗುತ್ತದೆ, ಒತ್ತು 'ಲೀ' ಮೇಲೆ ಬೀಳುತ್ತದೆ ಎಂದೆ.

"'ಅನ್' ಇರೋ ಇನ್ನೊಂದು ಶಬ್ದ ಹೇಳ್ರಿ."

ಹುಲಿಗೆಮ್ಮ ಎದ್ದಳು. "ಅನ್‌ಬ್ಯಾಡ್!"

"ಅಂಥ ಶಬ್ದ ಇಲ್ಲವ್ವಾ."

"ಐತ್ರೀ ಸರ್. ಬ್ಯಾಡ್ ಉಲ್ಟಾ ಆದ್ರ ಒಳ್ಳೇದ ಆತಲ್ರೀ. ನಮ್ಮವ್ವನೂ ದಿನಾ ಅಂತಾಳ, 'ತಂಗೀಗೆ ಎಮ್ಮಿ ಅನ್‌ಬ್ಯಾಡ' ಅಂತ."

ನಗು ತಡೆದುಕೊಂಡು ಕೇಳಿದೆ, "ಒತ್ತು ಎಲ್ಲಿ ಬೀಳ್ತೈತಿ?"

"'ಬ್ಯಾ' ಮ್ಯಾಲ್ರೀ. ಅವ್ವಗ ಸಿಟ್ಟು ಬಂದ್ರ ಬೆನ್ನ ಮ್ಯಾಲ."

ತಪ್ಪು ಎನ್ನಲು ಬಾಯಿ ತೆರೆದೆ. ಇಡೀ ಕ್ಲಾಸು ಕೂಗಿತು, "ಸರ್, ತಪ್ಪು ಅನ್‌ಬ್ಯಾಡ್ರೀ!"

ಅನ್ನಲಿಲ್ಲ. ಹುಲಿಗೆಮ್ಮನ ಅವ್ವ ನಮ್ಮ ಓಣಿಯವರೇ, ಬೆನ್ನು ನನಗೂ ಇದೆ.