ನನ್ನ ಮಗಳು ಗೆದ್ದ ಪಂದ್ಯ

ಆ ಹುಡುಗಿ ನಮ್ಮ ಮನೆಗೆ ಮೊದಲ ಸಲ ಬಂದದ್ದು ಒಂದು ಭಾನುವಾರ. ರೇಷ್ಮೆಹುಳುಗಳು ಕೊನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಸೊಪ್ಪಿಗೆ ಮುಗಿಬೀಳುವ ದಿನ ಅದು. ರಾಮನಗರದ ಹತ್ತಿರದ ಕೈಲಾಂಚದ ಸುತ್ತಿನ ನಮ್ಮಂಥ ಹುಳು ಸಾಕುವ ಮನೆಗಳಲ್ಲಿ ಆ ದಿನ ಯಾರು ಬಂದರೂ ಕೂತು ಮಾತಾಡಿಸಲು ಪುರುಸೊತ್ತಿರುವುದಿಲ್ಲ. ಮಗಳು ಅವಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬಂದಿದ್ದಳು. "ಅವ್ವ, ಇವ್ಳು ನಮ್ ಕಾಲೇಜವ್ಳು. ಬಾಕ್ಸಿಂಗ್ನಲ್ಲಿ ನನ್ ಜೋಡಿ" ಅಂದಳು. ಹುಡುಗಿ ಕೈಕಾಲು ತೊಳೆದುಕೊಂಡು, ನಾನು ಬಾ ಕೂತ್ಕೊ ಅನ್ನುವುದರೊಳಗೆ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ತೋಳಿಗೆ ತುಂಬಿಕೊಂಡು ಹುಳುಮನೆಗೆ ನಡೆದಳು.

"ನಮ್ಮಜ್ಜಿ ಇರೋಗಂಟ ನಮ್ಮನೇಲೂ ಹುಳ ಮಾಡ್ತಿದ್ರು ಆಂಟಿ. ನಂಗೆಲ್ಲ ಗೊತ್ತು, ನೀವು ಒಸಿ ಕೂತ್ಕೊಳ್ಳಿ" ಎಂದಳು.

ಮಾಗಡಿಯ ಆಚೆಯ ಒಂದು ಹಳ್ಳಿಯವಳು. ರಾಮನಗರದಲ್ಲಿ ಹಾಸ್ಟೆಲ್ ಹಿಡಿದು ಓದುತ್ತಿದ್ದಳು. ಹಾಸ್ಟೆಲ್ ಊಟ ಬೇಸರವಾಗಿ ಆಮೇಲಿನ ಎಷ್ಟೋ ಭಾನುವಾರ ನಮ್ಮಲ್ಲಿಗೇ ಬಂದಳು. ಬಿಸಿ ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ ನುಂಗುವ ಅವಳ ವೇಗ ನೋಡಿ ನಮ್ಮ ಯಜಮಾನರು ನಗುತ್ತಿದ್ದರು. ಊಟವಾದ ಮೇಲೆ ಇಬ್ಬರೂ ಅಂಗಳದಲ್ಲಿ ನಿಂತು ಎದುರುಬದುರಾಗಿ ಕೈ ಬೀಸುತ್ತಿದ್ದರು. ನಾನು ಒಳಗಿನಿಂದಲೇ, "ಲೇ, ಕಣ್ಣಿಗೆ ಗಿಣ್ಣಿಗೆ ಬಿದ್ದಾತು ಕಣ್ರೇ" ಎಂದು ಕೂಗುತ್ತಿದ್ದೆ. "ಬೀಳಾಕ್ ಬುಡಕಿಲ್ಲ ಆಂಟಿ" ಎಂದು ಅವಳು ನಗುತ್ತಿದ್ದಳು. ಅವಳು ನಕ್ಕರೆ ಪಕ್ಕದ ಮನೆಯವರೆಗೂ ಕೇಳುತ್ತಿತ್ತು.

ಮಗಳನ್ನು ಬಾಕ್ಸಿಂಗಿಗೆ ಸೇರಿಸಿದವರು ನಮ್ಮ ಯಜಮಾನರೇ. ಪಿಯುಸಿ ಓದುವಾಗ ಬಸ್ಸಿನಲ್ಲಿ ಯಾರೋ ಪಡ್ಡೆಗಳು ಕಾಟ ಕೊಟ್ಟಿದ್ದರು. ಅವಳು ಕಾಲೇಜಿಗೇ ಹೋಗುವುದಿಲ್ಲ ಎಂದು ಕೂತುಬಿಟ್ಟಳು. ಆಗ ಊರಾಚೆ, ರೇಷ್ಮೆಗೂಡಿನ ನೂಲು ಬಿಚ್ಚುವ ಹಳೆಯ ಶೆಡ್ಡೊಂದರಲ್ಲಿ ನಡೆಯುತ್ತಿದ್ದ ತರಬೇತಿಗೆ ಅವಳನ್ನು ಕರೆದುಕೊಂಡು ಹೋಗಿ ಬಿಟ್ಟರು. ಕೆಲವೇ ತಿಂಗಳಲ್ಲಿ ನಮ್ಮ ಹುಡುಗಿಯ ನಡಿಗೆಯೇ ಬದಲಾಯಿತು. ತಲೆ ತಗ್ಗಿಸಿ ಗೋಡೆ ಪಕ್ಕ ಹೋಗುತ್ತಿದ್ದವಳು ರಸ್ತೆಯ ನಡುವೆ ಎದೆ ಸೆಟೆಸಿ ನಡೆಯತೊಡಗಿದಳು. ಆ ಆಟ ನನ್ನ ಮಗಳಿಗೆ ಏನು ಕೊಟ್ಟಿತು ಎಂಬುದನ್ನು ನಾನು ಮರೆತಿಲ್ಲ, ಮುಚ್ಚಿಡುವುದೂ ಇಲ್ಲ.

ಅಲ್ಲಿನ ಮೇಷ್ಟ್ರು ತಮ್ಮ ಕಾಲದಲ್ಲಿ ದೊಡ್ಡ ದೊಡ್ಡ ಪಂದ್ಯ ಆಡಿದವರಂತೆ. ತುಂಬ ಒಳ್ಳೆಯವರು. ಹೆಣ್ಣುಮಕ್ಕಳನ್ನು ಅಮ್ಮ ಎಂದಲ್ಲದೆ ಕರೆಯುತ್ತಿರಲಿಲ್ಲ. ನಾನು ಹೋದಾಗಲೆಲ್ಲ, "ಯಾವೂರಾಯ್ತಮ್ಮ ನಿಮ್ದು?" ಎಂದು ಕೇಳುತ್ತಿದ್ದರು. ಕೈಲಾಂಚದ ಕಡೆ ಎಂದರೆ, "ಓಹೋ, ಕೈಲಾಂಚದ ಕಡೆಯಾ!" ಎಂದು ಹೊಸದಾಗಿ ತಿಳಿದವರಂತೆ ಸಂತೋಷಪಡುತ್ತಿದ್ದರು. ಮುಂದಿನ ಸಲ ಹೋದಾಗ ಮತ್ತೆ ಅದೇ ಪ್ರಶ್ನೆ. ಅದು ಅವರ ಮಾತಾಡಿಸುವ ರೀತಿ ಅಂದುಕೊಂಡಿದ್ದೆವು. ಅವರ ಮಾತು ಒಸಿ ತೊದಲುತ್ತಿತ್ತು; ಹಲ್ಲು ಹೋಗಿರುವುದಕ್ಕೆ ಇರಬೇಕು ಅಂದುಕೊಂಡಿದ್ದೆವು.

ಮುಂದಿನ ದೊಡ್ಡ ಪಂದ್ಯಕ್ಕೆ ಯಾರು ಹೋಗಬೇಕೆಂಬ ಆಯ್ಕೆ ಪಂದ್ಯ ಚನ್ನಪಟ್ಟಣದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಆ ತೂಕದಲ್ಲಿ ಉಳಿದವರು ಇವರಿಬ್ಬರೇ. ಒಬ್ಬರ ಎದುರು ಒಬ್ಬರು ಆಡಲೇಬೇಕು. ನನಗೆ ಸಂಕಟವಾಯಿತು. "ನೀವಿಬ್ರೂ ಹೆಂಗ್ರವ್ವ ಹೊಡ್ದಾಡ್ತೀರಿ?" ಎಂದೆ.

ಮಾಗಡಿಯ ಹುಡುಗಿ ನನ್ನ ಕೈ ಹಿಡಿದುಕೊಂಡು, "ದಿನಾ ಹೊಡ್ದಾಡ್ತೀವಲ್ಲ ಆಂಟಿ. ಇವತ್ತು ಜನ ನೋಡ್ತಾರೆ ಅಷ್ಟೇಯ. ಯಾರ್ ಗೆದ್ರೂ ನಮ್ಮನೇದೇ" ಅಂದಳು. ನಮ್ಮನೇದೇ ಅನ್ನುವಾಗ ಅವಳು ತೋರಿಸಿದ್ದು ನನ್ನನ್ನು, ನನ್ನ ಮಗಳನ್ನು, ತನ್ನನ್ನು.

ಎರಡನೆಯ ಸುತ್ತಿನಲ್ಲಿ ನನ್ನ ಮಗಳ ಬಲಗೈ ಅವಳ ತಲೆಯ ಪಕ್ಕಕ್ಕೆ ಬಿತ್ತು. ತಲೆಗೆ ದಪ್ಪನೆಯ ಕವಚ ಇತ್ತು. ಆದರೂ ಅವಳ ಮೊಣಕಾಲು ಮಡಿಚಿಕೊಂಡಿತು. ನಮ್ಮ ಸುತ್ತ ಕೂತವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರೆಫರಿ ಅವಳ ಮುಖದ ಮುಂದೆ ಬೆರಳು ಎಣಿಸಿದರು. ಅವಳು ಎದ್ದಳು, ತಲೆಯಾಡಿಸಿದಳು, ಆಟ ಮುಂದುವರಿಯಿತು. ಕೊನೆಗೆ ನನ್ನ ಮಗಳ ಕೈ ಮೇಲೆತ್ತಿದರು. ಇಬ್ಬರೂ ತಬ್ಬಿಕೊಂಡರು. ಕೆಳಗಿಳಿದು ಬಂದ ಮಾಗಡಿಯ ಹುಡುಗಿ ನಾನು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿನ್ನುತ್ತ, "ನಾನೇ ಕಲ್ಸಿದ್ ಏಟು ಆಂಟಿ ಅದು. ನಂಗೇ ಕೊಟ್ಬುಟ್ಲು ನೋಡಿ" ಎಂದು ನಕ್ಕಳು. ಹಾಸ್ಟೆಲ್ ಬಾಗಿಲಲ್ಲಿ ಇಳಿಸಿದಾಗ ಒಸಿ ತಲೆನೋವು, ಮಲಗಿದರೆ ಹೋಗುತ್ತದೆ ಅಂದಳು.

ಹೋಗಲಿಲ್ಲ. ಬೆಳಿಗ್ಗೆ ವಾಂತಿಯಾಯಿತು. ಜೊತೆಯ ಹುಡುಗಿಯರು ಪಿತ್ತ ಇರಬೇಕು ಎಂದು ನಿಂಬೆಹಣ್ಣಿನ ಪಾನಕ ಕೊಟ್ಟು ಕಾಲೇಜಿಗೆ ಹೋಗಿದ್ದರು. ಮಧ್ಯಾಹ್ನ ಬಂದು ಎಬ್ಬಿಸಿದರೆ ಏಳಲಿಲ್ಲ. ಬೆಂಗಳೂರಿಗೆ ಸಾಗಿಸಿದರು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದು ಆಪರೇಷನ್ ಮಾಡಿದರು.

ಆಸ್ಪತ್ರೆಯ ವರಾಂಡದಲ್ಲಿ ನಾನು ಅವಳ ತಾಯಿಯನ್ನು ಮೊದಲ ಸಲ ನೋಡಿದೆ. ಹೊಲದಿಂದ ಎದ್ದು ಹಾಗೇ ಬಂದಿದ್ದ ಹೆಂಗಸು, ಸೀರೆಯ ಅಂಚಿಗೆ ಒಣಗಿದ ಮಣ್ಣು ಮೆತ್ತಿಕೊಂಡಿತ್ತು. ನನ್ನ ಮಗಳು ಅವರ ಕಾಲ ಹತ್ತಿರ ಕುಸಿದು ಕೂತು, "ನಾನೇ ಅತ್ತೆ, ನಾನೇ ಹೊಡ್ದಿದ್ದು" ಎಂದಳು. ಆ ತಾಯಿ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತೇನೋ. ಅವಳ ತಲೆಯ ಮೇಲೆ ಕೈಯಿಟ್ಟು, "ಆಟ ಅಲ್ವೇನವ್ವ. ಆಟ್ದಲ್ಲಿ ನೀನೇನ್ ಮಾಡೀಯೆ" ಎಂದರು. ಅದನ್ನೇ ಮತ್ತೆ ಮತ್ತೆ ಹೇಳಿದರು.

ಹುಡುಗಿ ಬದುಕಿಕೊಂಡಳು. ಆದರೆ ಬಲಗೈ ಮತ್ತು ಬಲಗಾಲು ಸ್ವಾಧೀನ ತಪ್ಪಿದವು, ಮಾತು ಹೋಯಿತು. ಬರುತ್ತದೆ, ನಿಧಾನವಾಗಿ ಬರುತ್ತದೆ ಎಂದು ಡಾಕ್ಟರು ಹೇಳಿದರು.

ನಮ್ಮ ಮನೆಯಲ್ಲಿ ಮಗಳು ಆ ಪಂದ್ಯದ ವಿಡಿಯೋ ಹಿಡಿದು ಕೂತಳು. ಯಾರೋ ಮೊಬೈಲಿನಲ್ಲಿ ತೆಗೆದು ಕಳಿಸಿದ್ದರು. ನಾನು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರೆ ಹಿಂದೆಯೇ ಬಂದು ಮೊಬೈಲನ್ನು ನನ್ನ ಕಣ್ಣ ಮುಂದೆ ಹಿಡಿಯುತ್ತಿದ್ದಳು. "ಇದಾ ಅವ್ವ? ಇಲ್ಲಾಂದ್ರೆ ಇದಾ? ಯಾವ್ ಏಟು ನೋಡವ್ವ." ಡಾಕ್ಟರನ್ನೂ ಇದನ್ನೇ ಕೇಳಿದ್ದಳಂತೆ. ಇದೇ ಎಂದು ಹೇಳಲಾಗದು, ಹಿಂದೆ ಅಭ್ಯಾಸದಲ್ಲಿ ಬಿದ್ದ ಏಟುಗಳೂ ಸೇರಿರಬಹುದು ಎಂದಿದ್ದರು. ಹಾಗೆಂದರೆ ಅವೂ ಇವಳವೇ. ಜೋಡಿಯಲ್ಲವೆ? ಕೊನೆಗೆ ನಮ್ಮ ಯಜಮಾನರು ಮೊಬೈಲು ಕಿತ್ತುಕೊಂಡು ವಿಡಿಯೋ ಅಳಿಸಿದರು. ಅಳಿಸಿದ ಮೇಲೆ ಅವರೇ ಹಿಪ್ಪುನೇರಳೆ ತೋಟದೊಳಕ್ಕೆ ಹೋಗಿ ನಿಂತುಕೊಂಡರು. ಮಗಳನ್ನು ಆ ಶೆಡ್ಡಿಗೆ ಕೈಹಿಡಿದು ಕರೆದೊಯ್ದವರು ಅವರು. ಗಿಡಗಳ ಮರೆಯಲ್ಲಿ ಅವರ ಬೆನ್ನು ಅದುರುವುದು ನನಗೆ ಕಾಣುತ್ತಿತ್ತು. ಹತ್ತಿರ ಹೋಗಲಿಲ್ಲ.

ತರಬೇತಿ ಮುಂದುವರಿಸಬೇಕೇ ಬೇಡವೇ ಎಂದು ಅಪ್ಪ ಅಮ್ಮಂದಿರನ್ನೆಲ್ಲ ಶೆಡ್ಡಿಗೆ ಕರೆದಿದ್ದರು. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬರು, ಅವರ ಮಗಳೂ ಅಲ್ಲೇ ಕಲಿಯುತ್ತಿದ್ದಳು, ಎದ್ದು ನಿಂತು ನ್ಯಾಯವಾಗಿಯೇ ಮಾತಾಡಿದರು. "ಕಬಡ್ಡೀಲಿ ಕಾಲ್ ಮುರ್ಕೊಳಾಕಿಲ್ವಾ? ನಾನು ದಿನಾ ಬೈಕಲ್ಲಿ ಕೆಲ್ಸಕ್ಕೋಯ್ತೀನಿ, ವಾಪಸ್ ಬತ್ತೀನಿ ಅಂತ ಯಾವ್ ಗ್ಯಾರಂಟಿ ಐತೆ? ಒಂದ್ ಹಿಂಗಾಯ್ತು ಅಂತ ಆಟಾನೇ ಬೇಡ ಅಂದ್ರೆ ಹೆಂಗೆ? ನಮ್ ಹೆಣ್ಮಕ್ಳು ಧೈರ್ಯ ಕಲ್ತಿರೋದು ಇಲ್ಲೇ ಕಣ್ರೀ."

ಅವರ ಮಾತಿಗೆ ಎಷ್ಟೋ ಜನ ತಲೆದೂಗಿದರು. ನನಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಆದರೂ ಎದ್ದೆ.

"ಅಣ್ಣ, ಕಬಡ್ಡೀಲಿ ಕಾಲ್ ಮುರುದ್ರೆ ಅಯ್ಯೋ ಅಂತಾರೆ, ಆಟ ನಿಲ್ಸ್ತಾರೆ. ಮುರಿಯೋದು ಆಟ ಅಲ್ಲ, ಹಿಡಿಯೋದು ಆಟ. ಇಲ್ಲಿ ತಲೆಗೆ ಬಿದ್ರೇನೇ ಪಾಯಿಂಟು. ನನ್ ಮಗ್ಳು ಮೋಸ ಮಾಡಿದ್ರೆ ನಾಲ್ಕ್ ಬಯ್ದು ಸಮಾಧಾನ ಮಾಡ್ಕೊತಿದ್ದೆ. ಅವ್ಳು ತಪ್ಪೇ ಮಾಡ್ನಿಲ್ಲ. ಚೆನ್ನಾಗ್ ಆಡಿದ್ಲು. ಅವ್ಳಿಗೆ ಏನ್ ಹೇಳ್ಕೊಟ್ಟಿದ್ರೋ ಅದ್ನೇ ಮಾಡಿದ್ಲು, ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ಈಗ ಅವ್ಳ ಮುಂದೆ ನಾನೇನ್ ಹೇಳ್ಲಿ ಹೇಳಿ?"

ಮೇಷ್ಟ್ರು ಮೂಲೆಯ ಕುರ್ಚಿಯಿಂದ ಎದ್ದು ನನ್ನ ಹತ್ತಿರ ಬಂದರು. ಅವರ ಕಣ್ಣು ತುಂಬಿತ್ತು. ಏನೋ ಸಮಾಧಾನ ಹೇಳಲು ಬಂದವರು ನನ್ನ ಮುಖ ನೋಡಿ, ತಡವರಿಸಿ, "ಯಾವೂರಾಯ್ತಮ್ಮ ನಿಮ್ದು?" ಎಂದರು.

ಆಗ ನನಗೆ ಅರ್ಥವಾಯಿತು. ಅಲ್ಲಿದ್ದ ಇನ್ನೂ ಕೆಲವರಿಗೂ ಆಗಿರಬೇಕು. ಅಷ್ಟು ವರ್ಷ ತಲೆಗೆ ಏಟು ತಿಂದು ತಿಂದು ಆ ಮನುಷ್ಯನಿಗೂ ಏನೋ ಆಗಿತ್ತು. ಅವರನ್ನು ದಿನಾ ನೋಡುತ್ತಲೇ ನಮ್ಮ ಮಕ್ಕಳನ್ನು ಒಳಗೆ ಕಳಿಸುತ್ತಿದ್ದೆವು. "ಕೈಲಾಂಚದ ಕಡೆ ಮೇಷ್ಟ್ರೆ" ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು.

ತರಬೇತಿ ನಿಲ್ಲಲಿಲ್ಲ. ಕೆಲವರು ಬಿಟ್ಟರು, ಹೊಸಬರು ಸೇರಿದರು. ಬೇರೆ ಮೇಷ್ಟ್ರು ಬಂದರು. ಮಗಳು ಮತ್ತೆ ಆ ಕಡೆ ಹೋಗಲಿಲ್ಲ, ಗೆದ್ದ ಮೇಲೆ ಹೋಗಬೇಕಿದ್ದ ದೊಡ್ಡ ಪಂದ್ಯಕ್ಕೂ ಹೋಗಲಿಲ್ಲ.

ಹುಡುಗಿಯನ್ನು ಊರಿಗೆ ಕರೆತಂದಿದ್ದಾರೆ ಎಂದು ತಿಳಿದ ಮೇಲೆ ನಾನೂ ಮಗಳೂ ಮಾಗಡಿಯ ಬಸ್ಸು ಹತ್ತಿದೆವು. ಅವರ ಮನೆ ಸೇರಿದಾಗ ತಾಯಿ ಜಗಲಿಯಲ್ಲಿ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಆಪರೇಷನ್ನಿಗೆ ಬೋಳಿಸಿದ್ದ ಕೂದಲು ಗಂಡುಹುಡುಗರಂತೆ ಗಿಡ್ಡವಾಗಿ ಬೆಳೆದಿತ್ತು. ಅವರ ಕೈ ತಲೆಯ ಮೇಲೆಲ್ಲ ಆಡುತ್ತಿದ್ದರೂ ಹುಡುಗಿ ಕಣ್ಣು ಮುಚ್ಚಿ ಹಾಯಾಗಿ ಕೂತಿದ್ದಳು. ನಮ್ಮ ದನಿ ಕೇಳಿ ಕಣ್ಣು ಬಿಟ್ಟಳು. ನನ್ನ ಗುರುತು ಹಿಡಿದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿ ನಗು ಬಂತು. ನನ್ನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

ಮಗಳು ಅವಳ ಮುಂದೆ ಮಂಡಿಯೂರಿ ಕೂತಳು. ಹಣೆಯಿಂದ ಇಳಿಯುತ್ತಿದ್ದ ಎಣ್ಣೆ ಕಣ್ಣಿಗೆ ಹೋಗದಿರಲಿ ಎಂದು ಒರೆಸಲು ಬಲಗೈ ಎತ್ತಿದಳು.

ಹುಡುಗಿಯ ಎಡಗೈ ಥಟ್ಟನೆ ಮೇಲೆ ಬಂದು ಮುಖವನ್ನು ಮುಚ್ಚಿತು. ಗದ್ದ ಎದೆಗೆ ಒತ್ತಿಕೊಂಡಿತು. ಇಡೀ ಮೈ ಮುದುಡಿ ಗೋಡೆಗೆ ಸರಿಯಿತು. ಬಾಯಿಂದ ಕುಯ್ ಎಂಬಂಥ ಸಣ್ಣ ಸದ್ದು ಹೊರಟಿತು.

ಮಗಳ ಕೈ ಗಾಳಿಯಲ್ಲೇ ನಿಂತಿತ್ತು.

"ಎಲ್ರಿಗೂ ಹಂಗೇ ಮಾಡ್ತಾಳೆ ಕಣವ್ವ" ಎಂದರು ತಾಯಿ, ಆತುರವಾಗಿ. "ನಂಗೂ ಹಂಗೇ ಮಾಡ್ತಾಳೆ. ನೀನೇನೂ ಅನ್ಕೋಬೇಡ." ಆಗತಾನೆ ಅವರ ಕೈಯೊಳಗೆ ಆ ತಲೆ ಎಷ್ಟು ನೆಮ್ಮದಿಯಾಗಿತ್ತು ಎಂಬುದನ್ನು ನಾವಿಬ್ಬರೂ ಕಣ್ಣಾರೆ ನೋಡಿದ್ದೆವು. ಆ ಸುಳ್ಳಿಗೆ ನಾನು ಅವರಿಗೆ ಈಗಲೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಮಗಳು ಅಲ್ಲಿ ಅಳಲಿಲ್ಲ. ಅವರು ಬಡಿಸಿದ ಅವರೆಕಾಳಿನ ಸಾರು ಉಂಡಳು. ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ, ಅಷ್ಟು ಜನರ ನಡುವೆ, ನೆಲಕ್ಕೆ ಕೂತು ಅತ್ತಳು. ಕಡಲೆಕಾಯಿ ಮಾರುವವಳು ನೀರಿನ ಬಾಟಲಿ ತಂದುಕೊಟ್ಟು, "ಯಾರ್ ಹೋದ್ರವ್ವ?" ಎಂದು ನನ್ನನ್ನು ಕೇಳಿದಳು.

ಆದರೂ ಮಗಳು ಹೋಗುವುದನ್ನು ಬಿಡಲಿಲ್ಲ. ಡಿಗ್ರಿ ಮುಗಿಸಿ ಹಾರೋಹಳ್ಳಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ರಜೆಯ ದಿನ ಮಾಗಡಿಗೆ ಹೋಗುತ್ತಾಳೆ. ಗೆಳತಿಯ ಪಕ್ಕದಲ್ಲಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾಳೆ. ಬಾಯಿಗೆ ಬಂದದ್ದೆಲ್ಲ ಮಾತಾಡುತ್ತಾಳೆ. ಆ ಹುಡುಗಿಗೆ ಈಗ ಒಂದೊಂದೇ ಮಾತು ಬರುತ್ತಿದೆ.

ಈಚೆಗೆ ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಅವಳ ತಾಯಿ ನಮ್ಮನ್ನು ಒಳಗೆ ಕೂರಿಸಿ, ಒಂದು ಮಾತು ಕೇಳಬೇಕಿತ್ತು ಅಂದರು. ಅವರ ಕಿರಿಯ ಮಗಳು ಪಿಯುಸಿಗೆ ರಾಮನಗರ ಸೇರಿದ್ದಾಳೆ. ಅಕ್ಕ ಕಲಿತ ಕಡೆಯೇ ನಾನೂ ಬಾಕ್ಸಿಂಗ್ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. "ಅವ್ರಪ್ಪ ಸುಮ್ನಾಗ್ಬುಟ್ಟವ್ರೆ. ನಂಗೇನೂ ತೋಚ್ತಿಲ್ಲ. ನೀನೇ ಹೇಳವ್ವ, ಕಳಿಸ್ಲಾ?" ಎಂದು ನನ್ನ ಮಗಳನ್ನು ಕೇಳಿದರು.

"ಬೇಡ ಅತ್ತೆ" ಎಂದಳು ಮಗಳು. ಅಷ್ಟು ಬೇಗ, ಅಷ್ಟು ಗಟ್ಟಿಯಾಗಿ ಅವಳು ಮಾತಾಡಿ ಎಷ್ಟೋ ದಿನಗಳಾಗಿದ್ದವು. "ಓಡಕ್ಕೆ ಸೇರ್ಸಿ, ಖೋಖೋಗ್ ಸೇರ್ಸಿ. ಇದೊಂದ್ ಬೇಡ. ಇದು ಆಟ ಅಲ್ಲ."

ಕುರ್ಚಿಯಲ್ಲಿದ್ದ ಹುಡುಗಿ ನಮ್ಮ ಕಡೆಗೇ ನೋಡುತ್ತಿದ್ದಳು. ತುಟಿ ಅಲುಗಾಡಿತು. ಮಾತು ಹೊರಬರಲು ಅವಳು ಪಡುತ್ತಿದ್ದ ಕಷ್ಟ ನೋಡಲಾಗುತ್ತಿರಲಿಲ್ಲ. ನಾವೆಲ್ಲ ಕಾದೆವು.

"ಹೋ...ಗ್ಲಿ" ಅಂದಳು. ಮತ್ತೆ, ಇನ್ನೂ ಸ್ಪಷ್ಟವಾಗಿ, "ಹೋಗ್ಲಿ."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಎದ್ದು ಹೋದರು. ಅವರು ಕಿರಿಯವಳನ್ನು ಇನ್ನೂ ಸೇರಿಸಿಲ್ಲ, ಬೇಡ ಅಂತಲೂ ಹೇಳಿಲ್ಲ. ನನ್ನನ್ನು ಕೇಳಿದ್ದರೆ ನಾನೂ ಮಗಳ ಮಾತನ್ನೇ ಹೇಳುತ್ತಿದ್ದೆ. ತಲೆಗೆ ಹೊಡೆಯುವುದನ್ನು ಆಟ ಎಂದು ಕರೆಯಲು ನನ್ನ ನಾಲಿಗೆ ಈಗ ಏಳುವುದಿಲ್ಲ. ಆದರೆ ಎಲ್ಲವನ್ನೂ ಕಳೆದುಕೊಂಡವಳೇ ಹೋಗಲಿ ಅಂದ ಮೇಲೆ ಅವಳ ಎದುರು ವಾದಿಸಲು ನಾನು ಯಾರು?

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬೆಟ್ಟಗಳ ಸಾಲು ಬಂದಾಗ ಮೆಲ್ಲಗೆ ಹೇಳಿದಳು:

"ಅವ್ಳಿಗೆ ಆ ಆಟ ಕಂಡ್ರೆ ಇನ್ನೂ ಆಸೆ ಐತೆ ಕಣವ್ವ. ನನ್ನ ಕಂಡ್ರೆ ಮಾತ್ರ ಭಯ."

ನಾನು ಅವಳ ಬಲಗೈಯನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ. ರಾಮನಗರ ಬರುವವರೆಗೂ ಅವಳು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.