ತಂಗಿಯ ಹಿತ್ತಲಿನ ಕೆಂಪು ಮಣ್ಣು

ನನ್ನನ್ನು ಕೊಟ್ಟದ್ದು ಅಜ್ಜಂಪುರಕ್ಕೆ, ತಂಗಿಯನ್ನು ಕಡೂರಿಗೆ. ಎಂಬತ್ತರ ದಶಕದ ಮೊದಲಲ್ಲಿ ಇಬ್ಬರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಕಕ್ಕಸು ಕಟ್ಟಿಸಿದರು. ಗಾರೆಯವನೂ ಒಬ್ಬನೇ, ಅಳತೆಯೂ ಒಂದೇ. ಒಂದು ಸೆಪ್ಟಿಕ್ ಟ್ಯಾಂಕು, ಅದರಿಂದ ಹೊರಬರುವ ನೀರಿಗೆ ಪಕ್ಕದಲ್ಲೊಂದು ಇಂಗುಗುಂಡಿ. ಬೇಸಿಗೆ ಕಳೆಯುವವರೆಗೆ ಎರಡೂ ಚೆನ್ನಾಗಿಯೇ ಇದ್ದವು. ಮಳೆ ಹಿಡಿದದ್ದೇ ನಮ್ಮ ಗುಂಡಿ ತುಂಬಿ ಹಿತ್ತಲಿಗೆಲ್ಲ ಹರಿಯಿತು. ಕಡೂರಿನದಕ್ಕೆ ಏನೂ ಆಗಲಿಲ್ಲ.

ಗೌರಿ ಹಬ್ಬಕ್ಕೆ ಬಂದ ತಂಗಿ ಹಿತ್ತಲ ಬಾಗಿಲವರೆಗೆ ಹೋಗಿ, ಸೆರಗನ್ನು ಮೂಗಿಗೆ ಹಿಡಿದು ವಾಪಸಾದಳು.

"ನಮ್ಮನೇಲಿ ಗುಂಡಿ ಎಲ್ಲೈತೆ ಅಂತ್ಲೇ ಗೊತ್ತಾಗಲ್ಲ ಕಣಕ್ಕಾ" ಎಂದಳು. ಉಳಿಯುತ್ತೇನೆಂದು ಬಂದವಳು ಸಂಜೆಯ ರೈಲಿಗೇ ಹೊರಟುಬಿಟ್ಟಳು.

ಅವಳ ಉದ್ದ ಜಡೆಯನ್ನು, ಅವಳ ಗಂಡನ ಕೊಬ್ಬರಿ ಮಂಡಿಯನ್ನು ಹೇಗೋ ನುಂಗಿಕೊಂಡಿದ್ದೆ. ಇದನ್ನು ಮಾತ್ರ ಆಗಲಿಲ್ಲ. ಗಾರೆಯವನು ಅವಳಿಗೆ ಒಳ್ಳೆ ಇಟ್ಟಿಗೆ ಹಾಕಿ ನಮಗೆ ಮೋಸ ಮಾಡಿದ್ದಾನೆ ಎಂದು ಗಂಡನ ತಲೆ ತಿಂದೆ.

ತರೀಕೆರೆಯಲ್ಲಿ ಓವರ್‌ಸಿಯರ್ ಆಗಿದ್ದ ಸ್ನೇಹಿತರೊಬ್ಬರನ್ನು ಅವರು ಕರೆತಂದರು. ಓವರ್‌ಸಿಯರ್ ಟ್ಯಾಂಕಿನ ಮುಚ್ಚಳ ತೆಗೆಸಿ ನೋಡಿದರು; ಎಲ್ಲೂ ಬಿರುಕಿರಲಿಲ್ಲ. ಆಮೇಲೆ ಹಿತ್ತಲ ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ಬಳೆಯ ಹಾಗೆ ಬಗ್ಗಿಸಿದರು. ಮುರಿಯಲೇ ಇಲ್ಲ. ಹಾರೆಯಿಂದ ಸಣ್ಣದೊಂದು ಕುಣಿ ತೆಗೆಸಿ, ನನ್ನ ಕೈಲೇ ನೀರು ಹುಯ್ಯಿಸಿದರು. ಮಾರನೆಯ ಬೆಳಿಗ್ಗೆ ಅವರು ಮತ್ತೆ ಬಂದು ನೋಡಿದಾಗಲೂ ಆ ನೀರು ಅಲ್ಲೇ ನಿಂತಿತ್ತು.

"ಗಾರೆಯವನ ತಪ್ಪಲ್ಲ ತಾಯಿ, ಎರೆ ಮಣ್ಣು. ಬ್ಯಾಸಿಗೇಲಿ ಬಿರುಕು ಬಿಟ್ಟು ನೀರು ಕುಡೀತದೆ. ಮಳೇಲಿ ಉಬ್ಬಿ ಮುಚ್ಕೊಂಡ್ಬಿಡ್ತದೆ."

"ಮತ್ತೆ ಕಡೂರಲ್ಲಿ?"

"ಅಲ್ಲಿ ಕೆಂಪು ಮರಳು ಮಣ್ಣು. ಹುಯ್ದಷ್ಟೂ ಇಳೀತದೆ. ಆದ್ರೆ ಅಂಥ ಕಡೆ ಗುಂಡಿ ಬಾವಿ ಹತ್ರ ಇರಬಾರದು ನೋಡಿ."

ಮಣ್ಣೂ ಅವಳದೇ ಒಳ್ಳೆಯದು ಎಂದು ಉರಿದುಹೋದೆ. ಆದರೆ ಕೊನೆಯ ಮಾತು ಕಿವಿಯಲ್ಲೇ ಉಳಿಯಿತು. ತಂಗಿ ಹಿತ್ತಲ ಬಾವಿಯಿಂದ ನೀರು ಸೇದುವಾಗ ಕೊಡ ಇಡುತ್ತಿದ್ದದ್ದೇ ಆ ಗುಂಡಿ ಮುಚ್ಚಿದ ಚಪ್ಪಡಿಯ ಮೇಲೆ! ಮುಂದಿನ ವಾರವೇ ಕಡೂರಿಗೆ ಹೊರಟೆ. ಎಚ್ಚರಿಸುವುದಕ್ಕಿಂತ, ಅವಳ ಮುಖ ಸಪ್ಪಗಾಗುವುದನ್ನು ನೋಡುವ ಆಸೆಯೇ ಹೆಚ್ಚಾಗಿತ್ತು.

ಬಾವಿಕಟ್ಟೆಯ ಹತ್ತಿರವೇ ನಿಂತು ಹೇಳಿದೆ: "ನಿಮ್ ಗುಂಡಿ ನೀರೆಲ್ಲ ಇಲ್ಲಿಗೇ ಇಳೀತೈತೆ ಕಣೇ. ಅದನ್ನೇ ಕುಡೀತಿದೀರ."

"ಹೊಟ್ಟೆಕಿಚ್ಚು ನಿಂಗೆ! ನಾವು ಚೆನ್ನಾಗಿರೋದು ನೋಡಕ್ಕಾಗಲ್ಲ" ಎಂದು ಅವಳು ಅತ್ತೇಬಿಟ್ಟಳು.

ಅವಳ ಗಂಡ ಮಾತ್ರ ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಮಳೆ ಶುರುವಾದಾಗಿನಿಂದ ಮಕ್ಕಳಿಗೆ ಮತ್ತೆ ಮತ್ತೆ ಭೇದಿಯಾಗುತ್ತಿತ್ತಂತೆ. ಬಾವಿಯ ನೀರನ್ನು ಸೀಸೆಗೆ ತುಂಬಿ ಚಿಕ್ಕಮಗಳೂರಿಗೆ ಪರೀಕ್ಷೆಗೆ ಒಯ್ದರು. ನೀರು ಕೆಟ್ಟಿತ್ತು.

ಓವರ್‌ಸಿಯರ್ ಹೇಳಿದಂತೆ ನಮ್ಮಲ್ಲಿ ಗುಂಡಿಯ ಬದಲು ಆಳವಿಲ್ಲದ ಉದ್ದನೆಯ ಕಾಲುವೆ ತೋಡಿ, ಜಲ್ಲಿ ಮರಳು ತುಂಬಿ, ನೀರು ಹೀರಲೆಂದು ಎರಡು ಬದಿಗೂ ಬಾಳೆ ನೆಟ್ಟೆವು. ಜಡಿಮಳೆಯಲ್ಲಿ ಸ್ವಲ್ಪ ಒಸರುತ್ತಿತ್ತು. ಆದರೆ ಹಿತ್ತಲಿಗೆ ಹರಿಯುವುದು ನಿಂತಿತು. ಆ ಒಸರಿಗೇ ಸಮಾಧಾನಪಟ್ಟುಕೊಂಡೆ.

ಕಡೂರಿನವರು ಬಾವಿ ಮುಚ್ಚಿಸಿ, ಮನೆಯ ಮುಂದುಗಡೆ ದೂರದಲ್ಲಿ ಬೋರ್‌ವೆಲ್ ಹಾಕಿಸಿದರು. ಮಕ್ಕಳು ಚೇತರಿಸಿಕೊಂಡರು. ಮುಂದಿನ ಸಲ ಹೋದಾಗ ತಂಗಿ ನನ್ನ ಕೈಹಿಡಿದು ಅಡಿಗೆಮನೆಗೆ ಕರೆದೊಯ್ದಳು.

"ನೀನು ಹೇಳ್ದೆ ಇದ್ದಿದ್ರೆ ನನ್ ಮಕ್ಕಳ ಗತಿ ಏನಾಗ್ತಿತ್ತೋ ಅಕ್ಕಾ" ಎಂದು ಕಣ್ಣೊರೆಸಿಕೊಂಡು, ಅಲ್ಲಿದ್ದ ಹೊಸ ನಲ್ಲಿ ತಿರುಗಿಸಿ ತೋರಿಸಿದಳು. ಮೋಟಾರು ಹಾಕಿದರೆ ಸಾಕು, ಒಲೆಯ ಪಕ್ಕಕ್ಕೇ ನೀರು. ನಾನು ಇನ್ನೂ ಹಗ್ಗ ಹಿಡಿದು ಸೇದುತ್ತಿದ್ದೆ.

ಅವಳು ಲೋಟ ತುಂಬಿ ಕೊಟ್ಟಳು. ನೀರು ತಣ್ಣಗೆ, ಎಳನೀರಿನ ಹಾಗಿತ್ತು. ಪೂರ್ತಿ ಕುಡಿದು ಲೋಟ ಕೆಳಗಿಟ್ಟು, "ಸ್ವಲ್ಪ ಸವಳು ಕಣೇ" ಎಂದೆ.